ನಕ್ಷೆ ಹಸಿರಾಗಿದೆ, ಕೆಳಗೆ ಯಾರಿದ್ದಾರೆ?

ಇಂಡಿಯ ಲಿಂಬೆ ತೋಟ, ಸಿಂದಗಿಯ ತೊಗರಿ ಹೊಲ, ಮುದ್ದೇಬಿಹಾಳದ ಎರೆ ಬಯಲು, ಬಸವನ ಬಾಗೇವಾಡಿಯ ಪೇಟೆ. ವಿಜಯಪುರ ಜಿಲ್ಲೆಯ ಈ ಊರುಗಳ ಮೇಲೆ ಹವ್ಯಾಸಕ್ಕೆ ಡ್ರೋನ್ ಹಾರಿಸಹೊರಟವರಿಗೆ ಕಾನೂನು ಅಷ್ಟೇನೂ ಅಡ್ಡ ಬರುವುದಿಲ್ಲ. 2021ರ ಆಗಸ್ಟ್ 25ರಂದು ಹೊರಬಿದ್ದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಮೂರು ಬಣ್ಣಗಳಲ್ಲಿ ಹಂಚಿವೆ. ವಿಮಾನ ನಿಲ್ದಾಣದ ಸುತ್ತಲಿನ 12 ಕಿಲೋಮೀಟರ್ ದಾಟಿದ ಮೇಲೆ, ಬೇರೆ ನಿರ್ಬಂಧವಿಲ್ಲದ ಜಾಗದಲ್ಲಿ, 400 ಅಡಿ ಎತ್ತರದವರೆಗೆ ಹಸಿರು. ಅಲ್ಲಿ ಹಾರಿಸಲು ಮುಂಚಿತವಾಗಿ ಯಾರ ಅನುಮತಿಯೂ ಬೇಡ. ಕಲಬುರಗಿ, ಸೊಲ್ಲಾಪುರದ ನಿಲ್ದಾಣಗಳು ಇಲ್ಲಿಂದ ಬಹು ದೂರ. ನಾಳೆ ವಿಜಯಪುರದ ಬುರಣಾಪುರದ ನಿಲ್ದಾಣಕ್ಕೆ ವಿಮಾನ ಬಂದರೂ ಅದರ ಸುತ್ತ ಅನುಮತಿ ಬೇಕಾಗುವ ಹಳದಿ ವಲಯ ಈ ನಾಲ್ಕು ಊರುಗಳನ್ನು ಮುಟ್ಟುವುದಿಲ್ಲ. ಆಲಮಟ್ಟಿ ಅಣೆಕಟ್ಟು, ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರದಂಥ ಕಡೆಯಂತೂ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆ ನೋಡದೆ ಹೆಜ್ಜೆ ಇಡಬಾರದು. ಕೆಂಪು ಬಣ್ಣವಿದ್ದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಆದರೆ ಈ ಬಣ್ಣಗಳನ್ನೆಲ್ಲ ಬಳಿದಿರುವುದು ಮುಖ್ಯವಾಗಿ ಮೇಲೆ ಹೋಗುವ ವಿಮಾನವನ್ನು, ನೆಲದ ಮೇಲಿನ ಸೂಕ್ಷ್ಮ ಸ್ಥಾವರಗಳನ್ನು ನೆನೆದು. ಸಾದಾ ಬೀದಿಯಲ್ಲಿ ನಿಂತವರ ತಲೆಯ ಲೆಕ್ಕವನ್ನು ನಕ್ಷೆ ಇಡುವುದಿಲ್ಲ. ಅದನ್ನು ರಿಮೋಟ್ ಹಿಡಿದವರೇ ಹಾಕಿಕೊಳ್ಳಬೇಕು, ಮತ್ತು ಅದಕ್ಕೆ ಹೈಸ್ಕೂಲಿನ ಭೌತವಿಜ್ಞಾನ ಸಾಕು.

ಬಾಗೇವಾಡಿಯ ಶ್ರಾವಣದ ಜಾತ್ರೆಯನ್ನೇ ತೆಗೆದುಕೊಳ್ಳಿ. ತೇರಿನ ವಿಡಿಯೊ ಮೇಲಿನಿಂದ ಎಷ್ಟು ಚೆಂದ ಕಾಣುತ್ತದೆಂಬುದು ಎಲ್ಲರಿಗೂ ಗೊತ್ತು. 900 ಗ್ರಾಂ ತೂಕದ ಡ್ರೋನ್ 60 ಮೀಟರ್ ಎತ್ತರದಲ್ಲಿ ನಿಂತಿದೆ ಎನ್ನೋಣ. ಬ್ಯಾಟರಿ ಕೈಕೊಟ್ಟು ಅದು ಬಿದ್ದರೆ, ಗಾಳಿಯ ತಡೆಯೇ ಇಲ್ಲದಿದ್ದಲ್ಲಿ ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು 530 ಜೌಲ್. ಗಾಳಿ ತಡೆಯುತ್ತದೆ, ನಿಜ. ವೇಗ ಸೆಕೆಂಡಿಗೆ 20 ಮೀಟರಿಗೆ ಕುಗ್ಗಿತು ಎಂದೇ ಇಟ್ಟುಕೊಂಡರೂ 180 ಜೌಲ್ ಉಳಿಯುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಶಕ್ತಿ ಸುಮಾರು 120 ಜೌಲ್, ಮತ್ತು ಅದನ್ನು ಎದುರಿಸುವವರು ಹೆಲ್ಮೆಟ್ ಹಾಕಿರುತ್ತಾರೆ. ತೇರಿಗೆ ಎಸೆದ ಉತ್ತತ್ತಿ ತಲೆಗೆ ಬಿದ್ದರೆ ಪ್ರಸಾದ. ಡ್ರೋನ್ ಬಿದ್ದರೆ ಹೊಲಿಗೆ. ಕಳಸದೆತ್ತರಕ್ಕೆ ಇಳಿಸಿದರೆ ಆ ಉತ್ತತ್ತಿಯೇ ರೆಕ್ಕೆಗೆ ತಾಗಬಹುದು ಎಂಬುದನ್ನು ಯಾವ ನಿಯಮಪುಸ್ತಕವೂ ಊಹಿಸಿರಲಾರದು.

ಇಲ್ಲಿ ಬರುವ ಮೊದಲ ಆಕ್ಷೇಪ, ‘ನಮ್ಮದು ಸಣ್ಣದು, ಸರ್ಕಾರವೇ ಬಿಟ್ಟಿದೆ’ ಎಂಬುದು. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. 2 ಕಿಲೋವರೆಗಿನ ಮೈಕ್ರೊ ಡ್ರೋನ್‌ಗೂ ವ್ಯಾಪಾರದ ಉದ್ದೇಶವಿಲ್ಲದಿದ್ದರೆ ಬೇಡ. ಈ ಗೆರೆಯ ವಿಚಿತ್ರ ನೋಡಿ: ದುಡ್ಡು ಪಡೆದು ಮದುವೆಯ ಮೆರವಣಿಗೆ ಚಿತ್ರೀಕರಿಸುವವನಿಗೆ ಪ್ರಮಾಣಪತ್ರ ಬೇಕು, ಅದೇ ಯಂತ್ರವನ್ನು ಅದೇ ಮೆರವಣಿಗೆಯ ಮೇಲೆ ಬಿಟ್ಟಿ ಹಾರಿಸುವ ಸೋದರಮಾವನ ಮಗನಿಗೆ ಬೇಡ. ಬೀಳುವ ವಸ್ತುವಿಗೆ ಈ ಭೇದ ತಿಳಿಯದು. ಕಾನೂನು ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು, ಅದರ ತಪ್ಪಲ್ಲ. ವಿನಾಯಿತಿ ಸಿಕ್ಕಿರುವುದು ಕಾಗದಪತ್ರದಿಂದ, ಗುರುತ್ವಾಕರ್ಷಣೆಯಿಂದ ಅಲ್ಲ.

ಎರಡನೆಯ ಆಕ್ಷೇಪ ಇನ್ನಷ್ಟು ಜಾಣತನದ್ದು: ಸಂಪರ್ಕ ತಪ್ಪಿದರೆ ಯಂತ್ರವೇ ಹೊರಟ ಜಾಗಕ್ಕೆ ವಾಪಸು ಬರುತ್ತದಲ್ಲ? ಬರುತ್ತದೆ, ಬ್ಯಾಟರಿ ಉಳಿದಿದ್ದರೆ. ಮರಗಳೇ ವಿರಳವಾದ ಈ ಬಯಲುಸೀಮೆಯಲ್ಲಿ ಮುಂಗಾರಿನ ಗಾಳಿಗೆ ಲಗಾಮಿಲ್ಲ. ನೆಲದ ಹತ್ತಿರ ಮುಖಕ್ಕೆ ಹಿತವಾಗಿ ಬಡಿಯುವ, ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ 60 ಮೀಟರ್ ಮೇಲೆ 6 ಮೀಟರ್ ದಾಟಿರುವುದು ಸಾಮಾನ್ಯ, ಏಕೆಂದರೆ ನೆಲದ ಉಜ್ಜಾಟ ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಸೆಕೆಂಡಿಗೆ 10 ಮೀಟರ್ ಹಾರಬಲ್ಲ ಡ್ರೋನ್ ಆ ಗಾಳಿಯ ಜತೆ ಸಾಗಿದರೆ ಅದರ ವೇಗ 16; ಒಂದು ಕಿಲೋಮೀಟರ್ ದೂರವನ್ನು ಒಂದು ನಿಮಿಷದಲ್ಲಿ ಮುಗಿಸುತ್ತದೆ. ಎದುರುಗಾಳಿಯಲ್ಲಿ ಮರಳುವಾಗ ಉಳಿಯುವುದು ಬರೀ 4, ಅಂದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಹೋಗುವಾಗ ಬ್ಯಾಟರಿ ಮುಕ್ಕಾಲು ಪಾಲು ಉಳಿದಿದೆಯೆಂದು ಹಿಗ್ಗಿದವರು ಬರುವಾಗ ತೊಗರಿ ಹೊಲದಲ್ಲಿ ಹುಡುಕಾಡುವುದು ಇದೇ ಲೆಕ್ಕದಿಂದ. ಬೇಸಿಗೆಯಲ್ಲಿ ಕಥೆ ಬೇರೆ: 40 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಶೇಕಡ 8ರಷ್ಟು ತೆಳು. ಅಷ್ಟೇ ಭಾರ ಎತ್ತಲು ಮೋಟಾರು ಹೆಚ್ಚು ತಿರುಗಬೇಕು, ಬ್ಯಾಟರಿ ಬೇಗ ಬರಿದಾಗುತ್ತದೆ.

ಹಾಗಾಗಿ ಡ್ರೋನ್ ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು ಎಂಬ ಮಾತು ಅಧಿಕಾರಿಗಳ ಹಟವಲ್ಲ. 30 ಸೆಂಟಿಮೀಟರ್ ಅಗಲದ ಯಂತ್ರ ಒಂದು ಕಿಲೋಮೀಟರ್ ಆಚೆ ನಮ್ಮ ಕಣ್ಣಿನ ಮಿತಿಗೆ, ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲಿಗೆ, ಬಂದು ನಿಲ್ಲುತ್ತದೆ. ಅರ್ಧ ಕಿಲೋಮೀಟರಿನಲ್ಲಿ ಚುಕ್ಕೆ ಕಾಣುತ್ತದೆ, ಮೂತಿ ಯಾವ ಕಡೆ ಇದೆಯೆಂದು ತಿಳಿಯದು. ಪರದೆಯಲ್ಲಿ ಕಾಣುತ್ತದಲ್ಲ ಎಂದರೆ, ಆ ಕ್ಯಾಮೆರಾ ನೋಡುವುದು ಒಂದೇ ದಿಕ್ಕಿಗೆ. ಪಕ್ಕದಿಂದ ಎರಗುವ ಹದ್ದು ಅದಕ್ಕೆ ಕಾಣದು. ವಿದ್ಯುತ್ ತಂತಿಗಳು ಎಷ್ಟು ಸಣ್ಣವೆಂದರೆ ಅಡೆತಡೆ ಗುರುತಿಸುವ ಸಾಧನಗಳಿಗೂ ಅವು ಕಾಣುವ ಭರವಸೆಯಿಲ್ಲ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಇಳಿಯುವ ವಲಸೆ ಹಕ್ಕಿಗಳ ಹಿಂಡಿನತ್ತ ಡ್ರೋನ್ ಕಳಿಸಿದರೆ ಒಳ್ಳೆಯ ಚಿತ್ರವೂ ಸಿಗುವುದಿಲ್ಲ, ಹಿಂಡೇ ಎದ್ದು ಹೋಗುತ್ತದೆ.

ಇಷ್ಟೆಲ್ಲ ಕಟ್ಟುಪಾಡು ಹೇಳಿದರೆ ಥರ್ಮಕೋಲಿನ ವಿಮಾನ ಮಾಡುವ ಶಾಲೆಯ ಹುಡುಗರ ಉತ್ಸಾಹ ಬತ್ತುವುದಿಲ್ಲವೇ ಎಂಬ ಅಳಲು ನ್ಯಾಯವಾದದ್ದೇ. ಆದರೆ ಉತ್ತರ ನಿಯಮದಲ್ಲೇ ಇದೆ. ಕಲಿಕೆಗೆ, ಸಂಶೋಧನೆಗೆ, ಮೋಜಿಗೆ ಕಣ್ಣಳತೆಯಲ್ಲೇ ಹಾರಿಸುವ 25 ಕಿಲೋವರೆಗಿನ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟಿನ ಕಾಟವಿಲ್ಲ. 2021ರಲ್ಲಿ ಅರ್ಜಿ ನಮೂನೆಗಳು 25ರಿಂದ 5ಕ್ಕೆ, ಶುಲ್ಕದ ಬಗೆಗಳು 72ರಿಂದ 4ಕ್ಕೆ ಇಳಿದವು. ಸರ್ಕಾರ ಇಷ್ಟು ಸಡಿಲಿಸಿದ್ದರಿಂದಲೇ ಹೊಣೆ ಹಾರಿಸುವವರ ಕಡೆ ಸರಿದಿದೆ. ಆ ಹೊಣೆಯಲ್ಲಿ ಜನರ ಖಾಸಗಿತನವೂ ಸೇರಿದೆ: ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸುವ ಊರುಗಳಿವು. ನಸುಕಿನಲ್ಲಿ ಗುಂಯ್‌ಗುಡುತ್ತ ಒಂದು ಕ್ಯಾಮೆರಾ ಆ ಮಾಳಿಗೆಗಳ ಮೇಲೆ ಹಾದರೆ ಮನೆಯವರು ಕಲ್ಲು ಹುಡುಕಿದರೆ ಅಚ್ಚರಿಯಿಲ್ಲ. ನಸುಕೇ ಬೇಕಿದ್ದರೆ ಊರಾಚೆಗೆ ಹೋಗಬಹುದು. ಜೋಳ ಕೊಯ್ದು ಕಣ ಮುಗಿದ ಮೇಲೆ ಮೈಲಿಗಟ್ಟಲೆ ಬರಿದಾದ ಎರೆ ಹೊಲ, ಏಳದ ಗಾಳಿ, ಕೆಳಗೆ ಯಾರೂ ಇಲ್ಲ. ಹೊಲದವರನ್ನು ಒಂದು ಮಾತು ಕೇಳಿ, ನೆಲಕ್ಕೊಂದು ತಾಡಪತ್ರಿ ಹಾಸಿಕೊಂಡರಾಯಿತು. ಎರೆಯ ಧೂಳು ಮೋಟಾರಿನೊಳಗೆ ಸೇರಿದರೆ ಸುಲಭಕ್ಕೆ ಹೊರಡುವುದಿಲ್ಲ.