ಕಾಯಿಯ ಆಕಾರ, ಪಾರ್ಸೆಲ್ಲಿನ ದರ

ಪಾರ್ಸೆಲ್ಲಿಗೆ ತೂಕ ನೋಡಿಯೇ ದರ ಹಾಕುತ್ತಾರೆ ಎಂಬ ತಪ್ಪು ನಂಬಿಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲೂ ಬೇರೂರಿದೆ. ದೂರದ ನೆಂಟರಿಗೆ ಕಾಯಿ ಕಳಿಸುವಾಗ ಬೀಳುವ ಹೆಚ್ಚಿನ ಶುಲ್ಕ ದಂಡದಂತೆ ಕಾಣುವುದು ಇದರಿಂದಲೇ. ಆ ಹಣ ಎರಡು ಬಾಬ್ತಿನದು: ವಸ್ತು ಹಿಡಿಯುವ ಜಾಗದ ಬಾಡಿಗೆ, ಯಂತ್ರಕ್ಕೆ ಒಗ್ಗದ್ದನ್ನು ಕೈಯಲ್ಲಿ ವಿಂಗಡಿಸುವ ಕೂಲಿ.

ಕೂಲಿಯ ಕಾರಣ ಸರಳ. ವಿಂಗಡಣೆ ಯಂತ್ರ ಗಂಟೆಗೆ 30,000ಕ್ಕೂ ಹೆಚ್ಚು ಲಕೋಟೆಗಳನ್ನು ಓಡಿಸಬಲ್ಲದು. ಉದ್ದನೆಯ ಅಂಚು ಕೆಳಗಿದ್ದರೆ ಅದು ವಿಳಾಸ ಓದುತ್ತದೆ. ಚೌಕಾಕಾರದ ಆಮಂತ್ರಣ ಯಾವ ಅಂಚಿನ ಮೇಲಾದರೂ ನಿಂತು ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ ಉದ್ದವು ಅಗಲದ 1.3 ಪಟ್ಟಿಗಿಂತ ಕಡಿಮೆಯಿರುವ ಲಕೋಟೆಗೆ ಹೆಚ್ಚುವರಿ ಶುಲ್ಕವಿದೆ.

ಬಾಡಿಗೆಯ ಲೆಕ್ಕ ಹೆಚ್ಚು ಸ್ವಾರಸ್ಯಕರ. ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬಂದ ಕಿಲೋ ಮತ್ತು ನಿಜವಾದ ತೂಕದಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಒಣಗಿದ ಮಟ್ಟೆಕಾಯಿಯೊಂದನ್ನು 30×20×20ರ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕದ ತೂಕ 2.4 ಕಿಲೋ. ಕಾಯಿ ಅಷ್ಟು ತೂಗುವುದೇ ಇಲ್ಲ. ಸುಲಿದ ಕಾಯಿಗೆ 13 ಸೆಂಟಿಮೀಟರಿನ ಘನಪೆಟ್ಟಿಗೆ ಸಾಕು. ಲೆಕ್ಕದ ತೂಕ 440 ಗ್ರಾಂಗೆ ಇಳಿಯುತ್ತದೆ. ಹಣ ತಿನ್ನುವುದು ಮಟ್ಟೆ.

ಗುಂಡಗಿನ ವಸ್ತು ಜಾಗ ಪೋಲು ಮಾಡುವ ಪರಿ ಬೆರಗು ಹುಟ್ಟಿಸುತ್ತದೆ. ಅಚ್ಚುಕಟ್ಟಾಗಿ ಕೂರುವ ಘನಪೆಟ್ಟಿಗೆಯಲ್ಲಿ ಗೋಳ ತುಂಬುವುದು ಶೇ. 52 ಮಾತ್ರ. ಅದು ಗೋಲಿಯಷ್ಟಿದ್ದರೂ ಅಷ್ಟೇ, ಗುಮ್ಮಟದಷ್ಟಿದ್ದರೂ ಅಷ್ಟೇ. ಆದರೆ ಕೆಳಸಾಲಿನ ಕುಳಿಗಳಲ್ಲಿ ಮೇಲಿನವನ್ನು ಕೂರಿಸುತ್ತ ದೊಡ್ಡ ರಾಶಿ ಒಟ್ಟಿದರೆ ಶೇ. 74ರಷ್ಟು ಜಾಗ ತುಂಬುತ್ತದೆ. ಒಂದೇ ಅಳತೆಯ ಗೋಳಗಳಿಗೆ ಇದನ್ನು ಮೀರಿದ ಜೋಡಣೆಯಿಲ್ಲವೆಂದು ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲೇ ಊಹಿಸಿದ್ದ. ಗಣಿತಜ್ಞ ಥಾಮಸ್ ಹೇಲ್ಸ್ ಅದಕ್ಕೆ ಪುರಾವೆ ಒದಗಿಸಿದ್ದು 1998ರಲ್ಲಿ. ಸಂತೆಯಲ್ಲಿ ಕಾಯಿ ಪೇರಿಸುವವರ ಕೈಗೆ ಈ ಜೋಡಣೆ ಸಹಜವಾಗಿಯೇ ಒಲಿದಿದೆ.

ಮಟ್ಟೆಯನ್ನು ಹಳಿಯುವುದೂ ಸಲ್ಲ. ಎತ್ತರದ ಮರದಿಂದ ಬಿದ್ದರೂ ಕಾಯಿಯನ್ನು ಕಾಪಾಡುವ ನಾರು ಅದು. ಹವಾಯಿಯ ಮೊಲೊಕಾಯಿ ದ್ವೀಪದ ಹೊಒಲೆಹುವಾ ಅಂಚೆ ಕಚೇರಿಯಿಂದ 1991ರಿಂದಲೂ ಮಟ್ಟೆಕಾಯಿಗಳು ಪೆಟ್ಟಿಗೆಯೇ ಇಲ್ಲದೆ, ಮಟ್ಟೆಯ ಮೇಲೆ ಬರೆದ ವಿಳಾಸ ಹೊತ್ತು ಹೋಗುತ್ತಿವೆ.

ತಿಪಟೂರಿನವರಿಗೆ ಅಗ್ಗದ ದಾರಿ ಕೊಬ್ಬರಿ ಗಿಟುಕು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಅದಕ್ಕೆ ಮಟ್ಟೆಯಿಲ್ಲ, ಚಿಪ್ಪಿಲ್ಲ, ಸೋರುವ ನೀರಿಲ್ಲ. ಒಳಗಿನ ಪೊಳ್ಳು ಮಾತ್ರ ಉಳಿದಿರುತ್ತದೆ. ಎರಡು ಹೋಳು ಮಾಡಿ ಬಟ್ಟಲುಗಳನ್ನು ಒಂದರೊಳಗೊಂದು ಕೂರಿಸಿದರೆ ಆ ಜಾಗವೂ ಉಳಿಯುತ್ತದೆ. ಬಹುಕಾಲ ಇಡಬೇಕಾದ ಕೊಬ್ಬರಿಯನ್ನು ಮಾತ್ರ ಇಡಿಯಾಗಿಯೇ ಕಳಿಸುವುದು ಒಳ್ಳೆಯದು.