ಕಪ್ಪು-ಬಿಳುಪಿನ ಚೆಂಡು ಹೇಳುವುದೇನು?

ಪ್ರಶ್ನೆ: ಭೂಕಂಪದ ನಕ್ಷೆಗಳಲ್ಲಿ ಕಪ್ಪು-ಬಿಳುಪಿನ ಚೆಂಡುಗಳನ್ನು ಬರೆದಿರುವುದೇಕೆ?

ಉತ್ತರ: ನೆಲದಾಳದ ಬಂಡೆಯ ಬಿರುಕಿನ, ಅಂದರೆ ಸ್ತರಭಂಗದ, ಇಕ್ಕೆಲಗಳು ಹೇಗೆ ಜಾರಿದವೆಂಬುದನ್ನು ತೋರಿಸುವ ಈ ಚಿತ್ರಕ್ಕೆ ‘ಬೀಚ್‌ಬಾಲ್’ ಎಂಬ ಅಡ್ಡಹೆಸರಿದೆ. ಕಂಪನ ಹುಟ್ಟಿದ ಬಿಂದುವಿನ ಸುತ್ತ ಒಂದು ಗೋಳವನ್ನು ಕಲ್ಪಿಸಿಕೊಂಡು, ಮೊದಲ ಅಲೆಯು ಕಂಪನಮಾಪಕದ ಮುಳ್ಳನ್ನು ಮೇಲಕ್ಕೆ ತಳ್ಳಿದ ದಿಕ್ಕುಗಳಿಗೆ ಕಪ್ಪು ಬಳಿದು, ಕೆಳಕ್ಕೆ ಎಳೆದ ದಿಕ್ಕುಗಳನ್ನು ಬಿಳಿಯಾಗಿಯೇ ಬಿಟ್ಟು, ಗೋಳದ ಕೆಳ ಅರ್ಧವನ್ನು ಕಾಗದಕ್ಕೆ ಇಳಿಸಿದರೆ ಚೆಂಡು ಸಿದ್ಧ. ಉದಾಹರಣೆಗೆ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಾಯವ್ಯಕ್ಕಿರುವ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಬಂಡೆಗಳು ಒಂದರ ಪಕ್ಕ ಒಂದು ಅಡ್ಡಲಾಗಿ ಸರಿದುದರಿಂದ ಅದರ ಚೆಂಡು ನಾಲ್ಕು ಹೋಳುಗಳಾಗಿ ಕಾಣುತ್ತದೆ. ಇದೇ ಊರುಗಳ ಈಶಾನ್ಯಕ್ಕಿರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಬಿರುಕಿನ ಒಂದು ಪಾರ್ಶ್ವವು ಇನ್ನೊಂದರ ಮೇಲೇರಿದುದರಿಂದ ನಡುವೆ ಕಪ್ಪು, ಅಂಚಿನಲ್ಲಿ ಬಿಳುಪು, ಹೆಚ್ಚುಕಡಿಮೆ ಬೆಕ್ಕಿನ ಕಣ್ಣು. ತೊಡಕೆಂದರೆ, ಬಣ್ಣಗಳನ್ನು ಬೇರ್ಪಡಿಸುವ ಎರಡು ಗೆರೆಗಳಲ್ಲಿ ನಿಜವಾದ ಬಿರುಕು ಯಾವುದೆಂಬುದನ್ನು ಚೆಂಡು ತಾನಾಗಿ ಹೇಳದು. ಅದನ್ನು ನಂತರದ ಕಿರುಕಂಪನಗಳ ಸಾಲನ್ನೋ ನೆಲದ ಮೇಲಿನ ಸೀಳನ್ನೋ ನೋಡಿ ತೀರ್ಮಾನಿಸಬೇಕಾಗುತ್ತದೆ. ಕೊಯ್ನಾದಲ್ಲಿ ಉತ್ತರದಿಂದ ತುಸು ಪೂರ್ವಕ್ಕೆ ಓರೆಯಾದ ಗೆರೆಯೇ ಬಿರುಕೆಂದು ಗೊತ್ತುಮಾಡಲಾಯಿತು.