ಸೊಪ್ಪು ಕೇಳಿದರೆ ಉಪ್ಪು ತಂದೆ!

ಅಂದು ಸಂಜೆ ನನ್ನಾಕೆ "ಬರ್ತಾ ಸೊಪ್ಪು ತನ್ನಿ" ಎಂದಳು. ನಾನು ಉಪ್ಪಿನ ಪೊಟ್ಟಣ ತಂದೆ. ಮನೆಮಂದಿಯೆಲ್ಲ ನಕ್ಕರು. "ನೀನು ಬಾಯಿಬಿಟ್ಟು ಸರಿಯಾಗಿ ಹೇಳಬೇಕಿತ್ತು" ಎಂದು ನಾನು ತಪ್ಪನ್ನು ಅವಳ ಮೇಲೆಯೇ ಹಾಕಿದೆ.

ನಿಜ ಹೇಳಬೇಕೆಂದರೆ, ವರ್ಷದಿಂದಲೂ ನನಗೆ ಎಲ್ಲರೂ ಗೊಣಗಿದಂತೆ ಕೇಳುತ್ತಿತ್ತು. ಟಿ.ವಿ. ಸದ್ದು ಏರುತ್ತಲೇ ಇತ್ತು. ಮದುವೆಮನೆಯ ಗದ್ದಲದಲ್ಲಿ ಪಕ್ಕದವರ ಮಾತು ತಿಳಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಒಂದು ದಿನ ಐದನೇ ತರಗತಿಯ ಮೊಮ್ಮಗಳು ಶಾಲೆಯ ಸುದ್ದಿಯನ್ನು ಅಜ್ಜಿಗೆ ಮಾತ್ರ ಹೇಳುತ್ತಿದ್ದಳು. "ನನಗಿಲ್ವೇನೇ?" ಎಂದೆ. "ನಿನಗೆ ಮೂರು ಮೂರು ಸಲ ಹೇಳ್ಬೇಕು ತಾತ" ಎಂದಳು. ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು!

ಮರುದಿನ ಅವಳೇ ನನಗೆ ಉಕ್ತಲೇಖನ ಕೊಟ್ಟಳು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಾನು ಸ್ಲೇಟು ಹಿಡಿದು ಕೂತೆ. ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹತ್ತು ಪದ ಹೇಳಿದಳು. 'ಸಾಲು' ನನಗೆ 'ಹಾಲು' ಆಯಿತು. ಒಟ್ಟು ನಾಲ್ಕು ತಪ್ಪು. ಪುಸ್ತಕ ಇಳಿಸಿ ಹೇಳಿದಾಗ ಎಲ್ಲವೂ ಸರಿ! ಇಷ್ಟು ದಿನ ನಾನು ತುಟಿ ನೋಡಿಯೇ ಅರ್ಧ ಮಾತು ತಿಳಿಯುತ್ತಿದ್ದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ನೋಡಿದರು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನೋವಿಲ್ಲ, ಸೂಜಿಯಿಲ್ಲ.

ನಮ್ಮ ಒಳಗಿವಿಯಲ್ಲಿ ಕೂದಲಿನಂಥ ಎಳೆಗಳುಳ್ಳ ಸಾವಿರಾರು ಸೂಕ್ಷ್ಮ ಕೋಶಗಳಿವೆ. ಒಮ್ಮೆ ಹಾಳಾದರೆ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಕೀಚಲು ಸದ್ದನ್ನು ಹಿಡಿಯುವ ಕೋಶಗಳು. ಅದಕ್ಕೇ ಸ, ಶ ಮುಂತಾದ ಅಕ್ಷರಗಳೂ ಮಕ್ಕಳ ದನಿಯೂ ಮೊದಲು ಮಸುಕಾಗುತ್ತವೆ. ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ.

ಮಕ್ಕಳೇ, ಇದು ಅಜ್ಜ ಅಜ್ಜಿಯರ ತೊಂದರೆ ಮಾತ್ರವಲ್ಲ. ಹಿಂದಿನಿಂದ ಕರೆದರೆ ತಿರುಗದ, ಉಕ್ತಲೇಖನದಲ್ಲಿ ಪದೇ ಪದೇ ತಪ್ಪುವ, ಪ್ರತಿ ಮಾತಿಗೂ "ಆಂ?" ಎನ್ನುವ ಗೆಳೆಯ ಸೋಮಾರಿಯೇ ಆಗಿರಬೇಕಿಲ್ಲ, ಅವನಿಗೆ ಕೇಳಿಸದೇ ಇರಬಹುದು. ಶೀತವಾದಾಗ ಕಿವಿಯೊಳಗೆ ನೀರು ತುಂಬಿಯೂ ಹೀಗಾಗುತ್ತದೆ. ಟೀಚರಿಗೆ ತಿಳಿಸಿ. ಇಯರ್‌ಫೋನಿನ ಸದ್ದನ್ನು ಅರ್ಧಕ್ಕಿಂತ ಹೆಚ್ಚು ಏರಿಸಬೇಡಿ.

ಹಿರಿಯರಿಗೂ ಒಂದು ಮಾತು: ಕಿವಿಗೆ ಹೇರ್‌ಪಿನ್, ಬೆಂಕಿಕಡ್ಡಿ ಹಾಕಬೇಡಿ, ಬಿಸಿ ಎಣ್ಣೆ ಬಿಡಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ವೈದ್ಯರ ಬಳಿ ಹೋಗಿ, ತಡವಾದರೆ ಚಿಕಿತ್ಸೆ ಫಲಿಸದೇ ಹೋಗಬಹುದು.

ಕಿವಿಯಂತ್ರ ಹಾಕಿಕೊಂಡ ಮೊದಲ ವಾರ ಪಾತ್ರೆ ಸದ್ದಿಗೂ ಬೆಚ್ಚುತ್ತಿದ್ದೆ. ಈಗ ಒಗ್ಗರಣೆಯ ಸಾಸಿವೆ ಚಟಪಟ ಎನ್ನುವುದು ನಡುಮನೆಗೂ ಕೇಳುತ್ತದೆ. ಸಂಜೆ ಶಾಲೆಯ ಸುದ್ದಿ ಮೊದಲು ಬರುವುದು ನನ್ನ ಬಳಿಗೇ.

ಈ ಭಾನುವಾರ ನಿಮ್ಮ ಮನೆಯಲ್ಲೂ ಉಕ್ತಲೇಖನ ನಡೆಯಲಿ. ಅದು ವೈದ್ಯರ ಪರೀಕ್ಷೆಯಲ್ಲ, ಸುಳಿವು ಅಷ್ಟೇ. ತಪ್ಪಾದರೆ ನಗಬೇಡಿ, ಕೈಹಿಡಿದು ಕರೆದುಕೊಂಡು ಹೋಗಿ.